ಹವಳದ ಮೇಲಿನ ಬಿಳಿ ದೀಪ

ಸಾಗರ ಪೇಟೆಯಲ್ಲಿ ಮೂವತ್ತು ವರ್ಷ ಫೋಟೊ ಸ್ಟುಡಿಯೊ ನಡೆಸಿದವನು ನಾನು. ಬೆಳಕಿನ ವಿಷಯದಲ್ಲಿ ಬುದ್ಧಿ ಹೇಳಲು ಬರುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಹಾಗಾಗಿ ಮಂಗಳೂರಿನ ಅಕ್ವೇರಿಯಂ ಅಂಗಡಿಯವನು ಫೋನಿನಲ್ಲಿ, "ಹವಳಕ್ಕೆ ನೀಲಿ ಲೈಟ್ ಜಾಸ್ತಿ ಇರ್ಲಿ ಸರ್, ಬಿಳಿ ಕಮ್ಮಿ. ಒಂದು ತಿಂಗಳು ಮಂದ ಇಟ್ಟು ಆಮೇಲೆ ನಿಧಾನ ಏರಿಸಿ" ಎಂದಾಗ ಹೂಂಗುಟ್ಟಿದೆ, ಅಷ್ಟೆ. ಯಾರಿಗೆ ಪಾಠ ಹೇಳುತ್ತಿದ್ದಾನೆ ಇವನು ಎಂದು ಒಳಗೊಳಗೇ ನಗು ಬಂದಿತ್ತು.

ಹವಳ ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿ ನಮ್ಮ ಮನೆಗೆ ಬಂದದ್ದು ಹೆಂಡತಿಗಾಗಿ. ಅವಳು ಘಟ್ಟದ ಕೆಳಗಿನವಳು, ಸಮುದ್ರದ ಮಗ್ಗುಲಲ್ಲಿ ಬೆಳೆದವಳು. ಎರಡು ವರ್ಷದ ಹಿಂದೆ ಶಿವಮೊಗ್ಗದ ಕಣ್ಣಿನ ಡಾಕ್ಟರು, ನರ ಸೊರಗುತ್ತಿದೆ, ದೃಷ್ಟಿ ಮೆಲ್ಲಗೆ ಹೋಗುತ್ತದೆ, ತಡೆಯಲು ಆಗುವುದಿಲ್ಲ ಎಂದುಬಿಟ್ಟರು. ವಾಪಸು ಬರುವ ಬಸ್ಸು ಆನಂದಪುರ ದಾಟಿತು. ಆಮೇಲೆ ಅವಳೇ, "ಅಷ್ಟು ವರ್ಷ ಸಮುದ್ರದ ಮೇಲ್ಗಡೆ ನೋಡಿದ್ದೇ ಆಯ್ತು. ಕಣ್ಣು ಹೋಗೋದ್ರೊಳಗೆ ಒಳಗಿನ ಹವಳ ನೋಡ್ಬೇಕಿತ್ತು ಮಾರಾಯ್ರೆ" ಎಂದಳು. ಅವಳಿಗೆ ದೋಣಿ ಹತ್ತಿದರೆ ವಾಂತಿ. ಅದಕ್ಕೆ ಹವಳವನ್ನೇ ಮನೆಗೆ ತಂದೆ.

ತಂದದ್ದು ಅಣಬೆಯಂತೆ ಚಪ್ಪಟೆಯಾಗಿ ಅರಳುವ ಮೆತ್ತನೆಯ ಜಾತಿ. ಕಲ್ಲಿನ ಮೇಲೆ ಹಸಿರು, ನೇರಳೆ, ಕಂದು ಬಣ್ಣದಲ್ಲಿ ಏಳೆಂಟು ಇದ್ದವು. ಮೊದಲ ದಿನ ಅಂಗಡಿಯವನು ಹೇಳಿದ ನೀಲಿ ದೀಪವನ್ನೇ ಹಾಕಿದೆ. ಹೆಂಡತಿ ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ನೋಡಿದಳು. "ಎಂತದೂ ಕಾಣಲ್ಲ. ಕತ್ತಲೇಲಿ ನೀಲಿ ಸೀರೆ ಒಣಗಿಸಿದ ಹಾಗಿದೆ" ಎಂದಳು. ನಾನು ಅಲ್ಲಿಂದಲೇ ಎದ್ದೆ. ಸ್ಟುಡಿಯೊದಿಂದ ಬಿಳಿ ಎಲ್‌ಇಡಿ ಪ್ಯಾನೆಲ್ ತಂದು ನೇತುಹಾಕಿದೆ. "ಹಾಂ, ಈಗ ಕಂಡ್ತು ನೋಡಿ!" ಎಂದು ಅವಳು ಕೂಗಿದ್ದು ನೆರೆಮನೆಗೂ ಕೇಳಿಸಿರಬೇಕು.

ಅಂದಿನಿಂದ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಅಲ್ಲೇ ಕೂತಿರುತ್ತಿದ್ದಳು. ತರಕಾರಿ ಹೆಚ್ಚುವುದೂ ಅಲ್ಲೇ. ತಿಂಗಳು ಕಳೆದ ಹಾಗೆ ದೃಷ್ಟಿ ಇನ್ನಷ್ಟು ಮಸುಕಾಯಿತು. "ಸ್ವಲ್ಪ ಜಾಸ್ತಿ ಮಾಡಿ" ಎನ್ನುವಳು. ನಾನು ಪ್ಯಾನೆಲ್ಲನ್ನು ಒಂದು ಗೇಣು ಕೆಳಗಿಳಿಸುವೆ.

ಹವಳದ ಬಣ್ಣ ತಿಳಿಯಾಗುತ್ತ ಬಂತು. ನನಗದು ಕಂಡಿತ್ತು, ಆದರೆ ಹೆದರಿಕೆಯಾಗಲಿಲ್ಲ. ಹೇಳಲು ನಾಚಿಕೆ, ಆದರೂ ಕಾರಣ ಹೇಳುತ್ತೇನೆ. ಗಂಡಿನ ಕಡೆಗೆ ಕಳಿಸುವ ಹುಡುಗಿಯರ ಫೋಟೊ ತೆಗೆಸಲು ಹೊಸನಗರ, ತೀರ್ಥಹಳ್ಳಿಯಿಂದಲೂ ನನ್ನಲ್ಲಿಗೇ ಬರುತ್ತಿದ್ದರು. ಹುಡುಗಿಯ ತಾಯಿ ನನ್ನನ್ನು ಪಕ್ಕಕ್ಕೆ ಕರೆದು, "ಸ್ವಲ್ಪ ಬೆಳ್ಳಗೆ ಬರೋ ಹಾಗೆ ತೆಗೀರಿ" ಎನ್ನುವಳು. ಎದುರಿನಿಂದ ಎರಡು ದೀಪ ಜಾಸ್ತಿ ಹೊಡೆದರೆ ಮುಗಿಯಿತು. ಬೆಳ್ಳಗಾದದ್ದೆಲ್ಲ ಚೆಂದ ಎಂದು ಮೂವತ್ತು ವರ್ಷ ಪಳಗಿದ ಕಣ್ಣಿಗೆ ಹವಳವೂ ಚೆಂದವಾಗುತ್ತಿದೆ ಎಂದೇ ತೋರಿತು. ನೋಡಲು ಬಂದ ನೆಂಟರೂ ಹಾಗೇ ಅಂದರು.

ಹಾಲಿನಂತೆ ಬೆಳ್ಳಗಾದಾಗ ಹೆಮ್ಮೆಯಿಂದ ಫೋಟೊ ತೆಗೆದು ಮಂಗಳೂರಿಗೆ ಕಳಿಸಿದೆ. ಅಂಗಡಿಯವನು ತಕ್ಷಣ ಫೋನ್ ಮಾಡಿದ. "ಸರ್, ಅದು ಸಾಯ್ತಾ ಉಂಟು! ಅದರ ಮೈಯೊಳಗೆ ಪಾಚಿ ಇರ್ತದೆ, ಅದೇ ಅದಕ್ಕೆ ಊಟ ಕೊಡುವುದು. ನಿಮ್ಮ ಲೈಟಿಗೆ ಆ ಪಾಚಿ ಬಿಟ್ಟು ಹೋಗಿದೆ. ಹವಳ ಉಪವಾಸ ಬಿದ್ದಿದೆ ಸರ್. ಇವತ್ತೇ ಕಮ್ಮಿ ಮಾಡಿ."

ಕೂಡಲೇ ಹೋಗಿ ದೀಪ ಅರ್ಧಕ್ಕೆ ಇಳಿಸಿದೆ. ಸ್ಟೂಲಿನಲ್ಲಿದ್ದ ಹೆಂಡತಿ ತಲೆಯೆತ್ತಿ, "ಕರೆಂಟ್ ಹೋಯ್ತಾ?" ಎಂದಳು. ಆ ಮುಖ ನೋಡಲಾಗಲಿಲ್ಲ. "ಇಲ್ಲ, ಬಂತು" ಎಂದು ಮತ್ತೆ ಏರಿಸಿದೆ. ಅವಳಿಗೆ ಆಗ ಕಾಣುತ್ತಿದ್ದದ್ದು ಆ ಬಿಳುಪೊಂದೇ. ಇನ್ನು ನಾಲ್ಕು ದಿನ ನೋಡಲಿ, ಆಮೇಲೆ ಇಳಿಸುತ್ತೇನೆ ಎಂದುಕೊಂಡೆ. ನಾಲ್ಕು ಹೋಗಿ ಹದಿನಾಲ್ಕಾಯಿತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನಗೆ ಬುದ್ಧಿ ಮೊದಲೇ ಬಂದಿತ್ತು, ಬಂದರೂ ಸುಮ್ಮನಿದ್ದೆ. ಒಂದೊಂದೇ ಹವಳ ಮುದುಡಿ, ಲೋಳೆಯಾಗಿ ಕರಗಿತು. ಕೊನೆಯದನ್ನು ನಾನು ತೆಗೆದು ಹಾಕುವ ಹೊತ್ತಿಗೆ ಅವಳ ಕಣ್ಣೂ ಪೂರ್ತಿ ಹೋಗಿತ್ತು.

ಈಗ ತೊಟ್ಟಿಯಲ್ಲಿ ಬರಿ ಕಲ್ಲು, ನೀರು, ಪಂಪಿನ ಸದ್ದು. ದಿನಾ ಬೆಳಿಗ್ಗೆ ಅವಳು, "ಅರಳಿದ್ಯಾ?" ಎಂದು ಕೇಳುತ್ತಾಳೆ. ಅರಳಿದೆ ಎನ್ನುತ್ತೇನೆ. ಹಾಗೆ ಹೇಳಿ ಅವಳ ಕೈಗೆ ಕಾಫಿ ಲೋಟ ಕೊಡುತ್ತೇನೆ.

ಮೊನ್ನೆ ಪಕ್ಕದ ಮನೆಯಾಕೆ ಬಂದಿದ್ದರು. ಹೆಂಡತಿ ಅವರ ಕೈ ಹಿಡಿದು ತೊಟ್ಟಿಯ ಮುಂದೆ ನಿಲ್ಲಿಸಿ, "ನಮ್ಮ ಹವಳ ನೋಡಿದ್ರಾ?" ಎಂದಳು. ಆಕೆ ಬರಿಗಲ್ಲನ್ನು ನೋಡಿದರು, ತಿರುಗಿ ನನ್ನನ್ನು ನೋಡಿದರು. ನಾನು ದೂರದಿಂದಲೇ ಕೈ ಮುಗಿದೆ.

"ಭಾಳ ಚೆಂದ ಇದೆ ಅಕ್ಕ" ಎಂದರು ಆಕೆ.

"ನಂಗೀಗ ಎಂತದೂ ಕಾಣಲ್ಲ, ಅದ್ಕೆ ಬೇಜಾರೂ ಇಲ್ಲ" ಎಂದಳು ಹೆಂಡತಿ. "ನಾನು ನೋಡ್ದಿದ್ರೂ ಆಗ್ತಿತ್ತು. ಅದು ಬದುಕಿದ್ಯಲ್ಲ, ಅಷ್ಟು ಸಾಕು."