ಪಾಚಿಯ ಬಂಡಿ

ಬೋನಾಳದ ಕೆರೆಯಲ್ಲಿ ಕೂದಲಿನಂತೆ ಉದ್ದಕ್ಕೆ ಬೆಳೆಯುವ ಪಾಚಿ ಊರವರಿಗೆ ಕಸ, ಕುರುಬರ ಭೀಮವ್ವನಿಗೆ ಅನ್ನ. ಗಂಡ ತೀರಿಕೊಂಡ ಮೇಲೆ ಎದೆಮಟ್ಟದ ನೀರಿಗಿಳಿದು ಅದನ್ನು ಎಳೆದು ತಂದು, ರಂಗಂಪೇಟೆಯ ಎಲೆತೋಟಗಳಿಗೆ ಗೊಬ್ಬರವಾಗಿ ಮಾರುತ್ತಿದ್ದಳು. ದಾರಿಯಲ್ಲಿ ಎಮ್ಮೆಯ ಮೇವಿಗೋ, ಸುಟ್ಟ ಗಾಯದ ತಂಪಿಗೋ ಯಾರು ಕೇಳಿದರೂ ಒಂದು ಹಿಡಿ ಕೊಟ್ಟೇ ಮುಂದೆ ಹೋಗುವಳು.

ಆ ವರ್ಷ ನಿಜಾಮನ ಪರದ ದಂಡು ರಜಾಕಾರರು ಅವಳ ಕುರಿಹಿಂಡನ್ನೇ ಹೊಡೆದುಕೊಂಡು ಹೋಗಿದ್ದರು. ಆಮೇಲೆ ಭಾರತದ ಸೇನೆ ಬಂದು ಪೊಲೀಸ್ ಆ್ಯಕ್ಷನ್ ಆಗಿ ನಿಜಾಮನ ಆಳ್ವಿಕೆ ಮುಗಿಯಿತು. ಲೂಟಿ ಮಾಡಿದವರು ಓಡಿಹೋದರು. ಸೇಡಿಗೆ ಸಿಕ್ಕವರು ಬಡ ಮುಸಲ್ಮಾನರು. ಉಣ್ಣೆ ಹಿಂಜುವ ಪಿಂಜಾರ ಲಾಡ್ಲೇಸಾಬ ಯಾರ ತಂಟೆಗೂ ಹೋದವನಲ್ಲ. ಒಂದು ಮುಂಜಾನೆ ಅವನು ಕೆರೆದಂಡೆಗೆ ಓಡಿ ಬಂದು ಅವಳ ಬಂಡಿಯ ಮರೆಯಲ್ಲಿ ಕುಸಿದ.

"ಅಕ್ಕಾ, ನನ್ನ ಹುಡುಕಾಕತ್ತಾರ. ರಂಗಂಪೇಟಿಗಿ, ತಂಗಿ ಹುಸೇನಬೀ ಮನಿಗಿ ಮುಟ್ಟಿಸು."

"ಬಂಡ್ಯಾಗ ಮಲಕೋ. ಉಸರು ಎತ್ತಬ್ಯಾಡ" ಎಂದವಳೇ ಹಸಿ ಪಾಚಿಯನ್ನು ಅವನ ಮೇಲೆ ಒಟ್ಟಿದಳು.

ಬಿಸಿಲೇರಿತ್ತು. ಹಳ್ಳದ ಬಳಿ ಕೊಡಲಿ, ಬಡಿಗೆ ಹಿಡಿದ ಮಂದಿ ಬಂಡಿ ತಡೆದರು. ಮುಂದಿದ್ದವನು ಅವಳ ಊರಿನ ಗುರಪ್ಪನೇ.

"ಪಿಂಜಾರ ಈ ಕಡಿ ಬಂದಾನೇನು, ಭೀಮವ್ವಾ?"

"ನಾ ನೀರಾಗಿದ್ದೆನಪ್ಪಾ. ಯಾರನ್ನ ನೋಡ್ಲಿ?"

"ಕುರಿ ಕಳಕೊಂಡೀ. ನಿನಗ ಸಿಟ್ಟಿಲ್ಲೇನು?"

"ಅದ. ಹೊಡಕೊಂಡು ಹೋದವ್ರು ಸಿಗಲಿ, ನಾನೇ ಕೊಡಲಿ ಹಿಡೀತೀನಿ."

ಗುರಪ್ಪ ದಾರಿ ಬಿಟ್ಟ. ಎತ್ತುಗಳು ಹೆಜ್ಜೆ ಎತ್ತುವಷ್ಟರಲ್ಲಿ ಮತ್ತೆ ಕೂಗಿದ. "ತಡಿ. ನಮ್ಮ ಎತ್ತಿನ ಹೆಗಲು ಬಾತು ಹುಣ್ಣಾಗ್ಯದ. ಒಂದು ಹೊರಿ ಪಾಚಿ ತಗೋತೀನಿ." ಕೊಡಲಿಯಿಂದಲೇ ರಾಶಿಯನ್ನು ಎತ್ತಲು ಹೋದ.

ಎಂದೂ ಇಲ್ಲವೆನ್ನದವಳು ಇಂದು ಇಲ್ಲವೆಂದರೆ ಸಂಶಯ ಬಾರದಿರುತ್ತದೆಯೇ? ಭೀಮವ್ವ ಬಂಡಿಯಿಂದ ಜಿಗಿದಳು.

"ಸರಿ ಆ ಕಡಿ! ಮ್ಯಾಲಿಂದು ಬಿಸಿಲಿಗಿ ಕಾದದ, ಹುಣ್ಣಿಗಿ ಉರಿ ಆಗ್ತದ. ತಳದಾಗಿಂದು ತೆಗದು ಕೊಡ್ತೀನಿ."

ಭುಜದವರೆಗೆ ಕೈ ತೂರಿಸಿದಳು. ಲಾಡ್ಲೇಸಾಬನ ಕೈ ತಾಗಿತು, ಗಡಗಡ ನಡುಗುತ್ತಿತ್ತು. ಅದನ್ನು ಅದುಮಿ ಹಿಡಿದಳು, ನಡುಕ ನಿಲ್ಲುವವರೆಗೆ. ಆಮೇಲೆ ಪಕ್ಕದ ಪಾಚಿ ಕಿತ್ತು ಗುರಪ್ಪನ ತೋಳಿಗೆ ಹಾಕಿದಳು. ಕೆಸರುನೀರು ಅವನ ಅಂಗಿಯನ್ನೆಲ್ಲ ತೋಯಿಸಿತು. ಜೊತೆಯವರು ಗೊಳ್ಳೆಂದು ನಕ್ಕರು.

"ನಡಿ, ನಡಿ! ಏನ್ ನಾತ ಇದು!" ಎಂದು ಗುರಪ್ಪ ಹಿಂದೆ ಸರಿದ.

ಹುಸೇನಬೀಯ ಹಿತ್ತಲಲ್ಲಿ ಪಾಚಿ ಸರಿಸಿದಾಗ ಲಾಡ್ಲೇಸಾಬನ ಮೈಯೆಲ್ಲ ಕೆಂಪು ದದ್ದು. ಕೆರೆದುಕೊಳ್ಳುತ್ತಲೇ ಅಳುತ್ತಿದ್ದ. ತಂಗಿ ರೊಟ್ಟಿ ತಂದಿಟ್ಟಳು. ಭೀಮವ್ವ ರೊಟ್ಟಿ ಮುಟ್ಟದೆ ಬಂದ ದಾರಿಯನ್ನೇ ನೋಡುತ್ತಿದ್ದಳು.

"ಹೆದರಿದ್ದಿ ಏನವ್ವಾ?" ಎಂದಳು ಹುಸೇನಬೀ.

"ಈಗ ಹೆದರಾಕತ್ತೇನಿ" ಎಂದಳು ಭೀಮವ್ವ.

ಸುದ್ದಿ ಊರಿಗೆ ಗೊತ್ತಾಗದೆ ಇರಲಿಲ್ಲ. ಗುರಪ್ಪ ಮುಂದೆಂದೂ ಅವಳನ್ನು ಮಾತಾಡಿಸಲಿಲ್ಲ. ಅವಳು ಮಾತ್ರ ಅವನ ಮನೆಯ ಮುಂದಿನಿಂದಲೇ, ತಲೆ ತಗ್ಗಿಸದೆ, ಬಂಡಿ ಹೊಡೆದುಕೊಂಡು ಹೋಗುತ್ತಿದ್ದಳು.