ಎಡಗಣ್ಣಿಗೆ ಕೆಂಪು ಗಾಜು

ಮನೆಯಲ್ಲಿ ಯಾರಾದರೂ ಫೋನ್ ಹಿಡಿದು ಕೂತರೆ ನನಗೆ ಮೈ ಉರಿಯುತ್ತದೆ. ಅಂಥ ನನಗೇ ಕೋಲಾರದ ಕಣ್ಣಿನ ಡಾಕ್ಟರಮ್ಮ ಒಂದು ಕೆಲಸ ಹಚ್ಚಿದರು: ಮೊಮ್ಮಗಳಿಗೆ ದಿನಾ ಒಂದು ಗಂಟೆ ವಿಡಿಯೋ ಗೇಮ್ ಆಡಿಸಬೇಕು! ಏಳು ವರ್ಷದ ಹುಡುಗಿಯ ಎಡಗಣ್ಣು ನೋಡಲು ಚೆನ್ನಾಗಿಯೇ ಇತ್ತು, ಆದರೆ ಶುದ್ಧ ಸೋಮಾರಿ. ನೋಡುವ ಕೆಲಸವನ್ನೆಲ್ಲ ಬಲಗಣ್ಣಿಗೆ ಬಿಟ್ಟು ತೆಪ್ಪಗಿತ್ತು. ಈಗ ಎಬ್ಬಿಸದಿದ್ದರೆ ಮುಂದೆ ಕಷ್ಟ ಎಂದರು. ಮಗ, ಸೊಸೆ ಇಬ್ಬರೂ ಕೆಲಸದಿಂದ ಬರುವುದು ತಡ. ಹಾಗಾಗಿ ನಾನು ಸಂಜೆ ಕ್ಯಾಲನೂರಿನ ಡೈರಿಗೆ ಹಾಲು ಹಾಕಿ ಬಂದಮೇಲೆ ಆಟ ಶುರು.

ಆಟಕ್ಕೊಂದು ಕನ್ನಡಕ ಕೊಟ್ಟಿದ್ದರು. ಎಡಗಣ್ಣಿಗೆ ಕೆಂಪು ಗಾಜು, ಬಲಗಣ್ಣಿಗೆ ನೀಲಿ. ಮೇಲಿಂದ ಉದುರುವ ಸಣ್ಣ ಹಣ್ಣುಗಳು ಕೆಂಪು ಗಾಜಿಗೆ ಮಾತ್ರ ಕಾಣುತ್ತವೆ, ಹಿಡಿಯುವ ದೊಡ್ಡ ಬುಟ್ಟಿ ನೀಲಿಗೆ. ಮಗು ಸೋತು ಸೋತು ಅತ್ತಿತು. ನನಗೆ ನೋಡಲಾಗಲಿಲ್ಲ. ಜೋಡಿಯಲ್ಲಿ ಒಂದೆತ್ತು ಬಡಕಲಾದರೆ ನೊಗದ ಭಾರವನ್ನು ಗಟ್ಟಿ ಎತ್ತಿನ ಕಡೆ ಸರಿಸಿ ಕಟ್ಟುವುದು ನಮ್ಮ ಪದ್ಧತಿ. ಅದನ್ನೇ ಮಾಡಿದೆ. ಕೆಂಪು ಗಾಜು ಬಲಗಣ್ಣಿಗೆ ಬರುವಂತೆ ಕನ್ನಡಕವನ್ನು ತಿರುವಿ ತೊಡಿಸಿದೆ. ಬುಟ್ಟಿ ತುಂಬಿತು! ಮೂರು ವಾರ ದಿನವೂ ಗೆಲುವು, ನಾನು ಬೀಗಿದ್ದೇ ಬೀಗಿದ್ದು.

ಡಾಕ್ಟರಮ್ಮ ಪರೀಕ್ಷಿಸಿದರೆ ಎಡಗಣ್ಣು ಇದ್ದಲ್ಲೇ ಇತ್ತು. ಕನ್ನಡಕ ತಿರುವಿದ್ದು, ಅದರ ಹಿಂದಿನ ಎತ್ತಿನ ಲೆಕ್ಕ, ಎರಡನ್ನೂ ಬಾಯಿಬಿಟ್ಟೆ.

"ಅಯ್ಯೋ ಅಜ್ಜೀ, ಇಲ್ಲಿ ಬಡಕಲು ಎತ್ತೇ ಎಳೀಬೇಕು ಕಣಮ್ಮಾ" ಎಂದರು. ಅವರು ನಕ್ಕರೂ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಗುವಿನ ಮೂರು ವಾರ ಹಾಳುಮಾಡಿದವಳು ನಾನೇ.

ಅಂದಿನಿಂದ ಕೆಂಪು ಗಾಜು ಎಡಕ್ಕೇ. ನಾನೂ ಪಕ್ಕದಲ್ಲೇ.

"ಏನೂ ಕಾಣ್ತಿಲ್ಲ ಅಜ್ಜಿ, ನನ್ ಕೈಲಾಗಲ್ಲ."

"ಕಾಣ್ತದೆ ನೋಡೇ. ನೀನ್ ಹಿಡಿಯೋಗಂಟ ನಾನೂ ಎದ್ದೋಗಲ್ಲ."

ಮೊದಲ ವಾರ ಒಂದೂ ಹಣ್ಣಿಲ್ಲ. ಆಮೇಲೆ ಒಂದು. ಆಮೇಲೆ ನಾಲ್ಕು. ಬುಟ್ಟಿ ತುಂಬಿದ ಸಂಜೆ ನಾನು ಕಿರುಚಿದ ರಭಸಕ್ಕೆ ಪಕ್ಕದ ಮನೆಯವರು ಹಾವು ಬಂತೆಂದು ಕೋಲು ಹಿಡಿದು ಓಡಿಬಂದರು.

ಕೆಲವು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ಬಲಗಣ್ಣು ಮುಚ್ಚಿಸಿದರು. ಮೊದಲು ದೊಡ್ಡ ಅಕ್ಷರದ ಬಳಿಯೇ ನಿಲ್ಲುತ್ತಿದ್ದವಳು ಸಾಲು ಸಾಲಾಗಿ ಕೆಳಗಿಳಿದಳು. ನಾನು ಬಾಗಿಲ ಹತ್ತಿರ ತುಟಿ ಕಚ್ಚಿ ನಿಂತಿದ್ದೆ. ಕೊನೆಯ ಸಾಲನ್ನೂ ಓದಿ ಮುಗಿಸಿ, ಬಲಗಣ್ಣಿನ ಮೇಲಿನ ಕೈ ತೆಗೆಯದೆ ನನ್ನ ಕಡೆ ತಿರುಗಿದಳು.

"ಡಾಕ್ಟ್ರೇ, ನಮ್ಮಜ್ಜಿ ಅಳ್ತಾವ್ಳೆ ನೋಡಿ!"