ಅತ್ತೆ ಮುಖ ತಿರುಗಿಸಿದ್ದು

ನಮ್ಮ ಸೋದರತ್ತೆ ಹೆಡ್ ನರ್ಸ್ ಆಗಿ ನಿವೃತ್ತರಾದವರು. ಎಷ್ಟೋ ವರ್ಷಗಳ ನಂತರ ಮಂಡಿ ಆಪರೇಷನ್ನಿಗೆಂದು ತಮ್ಮದೇ ಹಳೆಯ ವಾರ್ಡಿನಲ್ಲಿ ಮಲಗಿದ್ದರು. ಡ್ರಿಪ್ ಹಾಕಲು ಬಂದ ಹೊಸ ನರ್ಸಿಗೆ ಇವರು ಯಾರೆಂದು ತಿಳಿದು ಗಾಬರಿಯಾಯಿತು. ಸೂಜಿ ನರ ತಪ್ಪಿತು. ನನಗೆ ರೇಗಿತು.

"ನಿಧಾನಕ್ಕೆ ಹಾಕಮ್ಮ, ನಾನೇನು ಎದ್ದು ಓಡಲ್ಲ" ಎಂದು ಅತ್ತೆ ಕಿಟಕಿಯ ಕಡೆ ಮುಖ ತಿರುಗಿಸಿದರು. ಹುಡುಗಿ ನಕ್ಕಳು. ಈ ಸಲ ಸೂಜಿ ಸರಿಯಾಗಿ ಕೂತಿತು.

ಅವಳು ಹೋದ ಮೇಲೆ ಕೇಳಿದೆ, "ನೀವೇ ಹೇಳಿಕೊಡಬಹುದಿತ್ತಲ್ಲ ಅತ್ತೆ?"

"ಕೆಲಸ ಅವಳಿಗೆ ಗೊತ್ತು ಕಣೋ. ನಾನು ನೋಡ್ತಿದ್ದಿದ್ದೇ ತೊಂದರೆ. ನಾನು ಹೊಸಬಳಾಗಿದ್ದಾಗ ನಮ್ಮ ದೊಡ್ಡ ಸಿಸ್ಟರೂ ಹೀಗೇ ಬೇರೆ ಕಡೆ ನೋಡ್ತಾ ನಿಲ್ತಿದ್ರು. ಆದ್ರೆ ಕರೆದ್ರೆ ಕೇಳೋಷ್ಟು ಹತ್ತಿರಾನೇ ಇರ್ತಿದ್ರು."

ತೀರಿಕೊಂಡು ಬಹಳ ಕಾಲವಾಗಿದ್ದ ಆ ಸಿಸ್ಟರನ್ನು ನೆನೆದು ಅತ್ತೆ ಮತ್ತೆ ಕಿಟಕಿಯ ಕಡೆ ತಿರುಗಿದರು.